ಸಂಜೆ ಏಳಕ್ಕೆ ಮನೆಗೆ ಬಂದು ರೊಟ್ಟಿ ಬಡಿಯಲು ಆಗುವುದಿಲ್ಲ, ಏನು ಮಾಡಿ ಉಣ್ಣಲಿ?

ಪ್ರಶ್ನೆ: ಮೇಡಂ, ನಾವು ಬಾಗಲಕೋಟೆಯ ನವನಗರದಲ್ಲಿ ಇದ್ದೇವೆ. ನಾನು, ನಮ್ಮನೆಯವರು, ಎರಡು ವರ್ಷದ ಮಗಳು. ಇಬ್ಬರಿಗೂ ನೌಕರಿ, ಮನೆ ಸೇರುವಾಗ ಸಂಜೆ ಏಳು. ನಾವು ಶುದ್ಧ ಸಸ್ಯಾಹಾರಿಗಳು. ನನಗೆ ರೊಟ್ಟಿ ಬಡಿಯಲು ಸರಿಯಾಗಿ ಬರುವುದಿಲ್ಲ, ಬಡಿದರೆ ಅಂಚು ಸೀಳುತ್ತದೆ. ವಾರದಲ್ಲಿ ಮೂರು ದಿನ ನೂಡಲ್ಸ್ ಇಲ್ಲಾ ಹೊರಗಿನ ಊಟ ಆಗುತ್ತಿದೆ. ನಮ್ಮನೆಯವರು ಬಿಸಿ ಬಿಸಿ, ಮೆತ್ತಗಿನ, ಅವ್ವ ಮಾಡಿದಂಥ ಊಟ ಬೇಕು ಅಂತಾರೆ. ಆದರೆ ಬೇಳೆ ತಿಂದರೆ ಹೊಟ್ಟೆ ಉಬ್ಬುತ್ತದೆ ಅಂತಾರೆ. ಬೇಳೆ ಆರು ಸೀಟಿ ಕೂಗಿಸಿದರೂ ಬೇಯುವುದಿಲ್ಲ, ಸೋಡಾ ಹಾಕುತ್ತೇನೆ. ಕುಕ್ಕರಿನ ಅಡಿಗೆಯಲ್ಲಿ ಸತ್ವ ಇರುವುದಿಲ್ಲ ಅಂತ ಅತ್ತೆ. ಕೂಸಿಗೆ ಜೋಳ ಅರಗುವುದಿಲ್ಲ ಅಂತ ಪಕ್ಕದ ಮನೆಯವರು. ಉಳಿದ ಅನ್ನ ಮರುದಿನ ಕೊಡಬಹುದಾ? ನೂಡಲ್ಸ್ ಪೂರ್ತಿ ಬಿಡಬೇಕಾ? ಸುಲಭವಾಗಿ ಮಾಡುವಂಥದ್ದು ಹೇಳಿ.

ಉತ್ತರ: ನೀವು ಕೇಳಿದ್ದು ಐದಾರು ಪ್ರಶ್ನೆ, ಆದರೆ ಪತ್ರ ಓದಿದಾಗ ನನಗೆ ಕಂಡ ಚಿಂತೆ ಒಂದೇ. ರೊಟ್ಟಿ ಬಡಿಯಲು ಬರದಿದ್ದರೆ ಮನೆ ಅಡಿಗೆಯೇ ಇಲ್ಲ ಅಂತ ನೀವು ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೀರಿ. ಇಲ್ಲಿ ವಿಜಯಪುರದಲ್ಲಿ ಆಹಾರ ಸಲಹೆ ಕೇಳಲು ನನ್ನ ಹತ್ತಿರ ಬರುವ ಹೊಸ ಸಂಸಾರಗಳಲ್ಲಿ ಇದನ್ನೇ ನೋಡುತ್ತೇನೆ. ರೊಟ್ಟಿ ಆಗಲಿಲ್ಲ, ಹಾಗಾಗಿ ನೂಡಲ್ಸ್. ನಡುವೆ ಏನೂ ಇಲ್ಲವೇ ಇಲ್ಲ ಅನ್ನುವ ಹಾಗೆ. ಆದರೆ ನಮ್ಮ ಕಡೆಯ ಅಡಿಗೆ ಹಾಗೆ ಬೆಳೆದು ಬಂದದ್ದಲ್ಲ. ಹೊಲದಿಂದ ಕತ್ತಲಾದ ಮೇಲೆ ಬರುವ ಹೆಂಗಸರು ಮಾಡಿಕೊಂಡು ಬಂದ ಅಡಿಗೆ ಇದು. ಅರ್ಧ ಕೆಲಸ ಮೊದಲೇ ಮುಗಿದು ಡಬ್ಬಿಯಲ್ಲಿ ಕೂತಿರುತ್ತಿತ್ತು: ಒಣಗಿಸಿದ ಗರಿಗರಿ ಕಟಕ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಒಡೆದ ಜೋಳದ ನುಚ್ಚು, ನೆನೆ ಹಾಕಿದ ಕಾಳು. ಸಂಜೆ ಒಲೆ ಮೇಲೆ ಒಂದೇ ಪಾತ್ರೆ. ನಿಮಗೂ ಬೇಕಾಗಿರುವುದು ಅಷ್ಟೇ.

ರೊಟ್ಟಿಯ ವಿಷಯ ಮೊದಲು ಮುಗಿಸೋಣ. ಗೋಧಿಯಲ್ಲಿ ಗ್ಲುಟನ್ ಅನ್ನುವ ಅಂಟು ಇದೆ, ಜೋಳದಲ್ಲಿ ಇಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕುವುದು, ಆ ಬಿಸಿಗೆ ಹಿಟ್ಟಿನಲ್ಲಿರುವ ಪಿಷ್ಟ ಬೆಂದು ಅಂಟಿನ ಕೆಲಸ ಮಾಡುತ್ತದೆ. ನೀರು ಸರಿಯಾಗಿ ಕುದ್ದಿರದಿದ್ದರೆ, ನಾದಿದ್ದು ಸಾಲದಿದ್ದರೆ, ಅಥವಾ ಹಿಟ್ಟು ಹಳೆಯದಾಗಿ ಜಿಗಿ ಹೋಗಿದ್ದರೆ ಅಂಚು ಸೀಳುತ್ತದೆ. ಅಂಗಡಿಯ ಪಾಕೀಟಿನ ಹಿಟ್ಟು ತರುವವರಿಗೆ ಈ ತೊಂದರೆ ಜಾಸ್ತಿ. ಎರಡು ಮೂರು ಕಿಲೋ ಬಿಳಿಜೋಳ ತಂದು ಆಗಾಗ ಸ್ವಲ್ಪ ಸ್ವಲ್ಪ ಬೀಸಿಸಿಕೊಳ್ಳಿ, ಭಾನುವಾರ ಪುರುಸೊತ್ತಿನಲ್ಲಿ ಕಲಿಯಿರಿ. ವಾರದ ದಿನ ಕಟಕ ರೊಟ್ಟಿ ಕೊಂಡು ತನ್ನಿ. ಬಾಗಲಕೋಟೆಯಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಸಿಗುತ್ತಾರೆ. ಬಾದಾಮಿಯ ಬನಶಂಕರಿ ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ಇಟ್ಟುಕೊಂಡು ಕೂತವರ ಹತ್ತಿರ ನಾವೆಲ್ಲ ಖುಷಿಯಿಂದ ಉಂಡು ಬರುತ್ತೇವೆ, ಅಲ್ವಾ? ಅಲ್ಲಿ ಇಲ್ಲದ ನಾಚಿಕೆ ನಿಮ್ಮ ಮನೆಯಲ್ಲಿ ಯಾಕೆ? ಒಂದೇ ಎಚ್ಚರ, ಕಟಕ ರೊಟ್ಟಿ ಮುರಿದರೆ ಟಪ್ ಅಂತ ಮುರಿಯಬೇಕು. ಬಾಗಿದರೆ ತೇವ ಉಳಿದಿದೆ, ಬೂಸು ಬರುತ್ತದೆ.

ಈಗ ಬೇಳೆಗೆ ಬರೋಣ, ಯಾಕೆಂದರೆ ನಿಮ್ಮ ಮನೆಯ ಅರ್ಧ ತೊಂದರೆ ಅಲ್ಲಿದೆ.

ಆರು ಸೀಟಿಗೂ ಬೇಳೆ ಬೇಯದಿರಲು ಮುಖ್ಯ ಕಾರಣ ನೀರು. ಬಾಗಲಕೋಟೆ, ವಿಜಯಪುರ ಕಡೆ ಬೋರಿನ ನೀರು ಬಹಳ ಕಡೆ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಇನ್ನೂ ಗಟ್ಟಿ ಮಾಡುತ್ತವೆ. ಎಷ್ಟು ಕುದಿಸಿದರೂ ಬೇಳೆ ಒಡೆಯುವುದಿಲ್ಲ. ಎರಡನೇ ಕಾರಣ ಬೇಳೆಯ ವಯಸ್ಸು. ಬಿಸಿಲಿನ ಊರಿನಲ್ಲಿ ತಿಂಗಳುಗಟ್ಟಲೆ ಇಟ್ಟ ಬೇಳೆ, ಕಾಳು ಬೇಯುವ ಗುಣವನ್ನೇ ಕಳೆದುಕೊಳ್ಳುತ್ತವೆ. ತೊಗರಿ ಬೆಳೆಯುವ ಸೀಮೆಯಲ್ಲಿ ಇದ್ದೀರಿ, ವರ್ಷದ ಬೇಳೆ ಒಮ್ಮೆಲೇ ತುಂಬಿಡುವ ಅಗತ್ಯ ಮೂವರ ಸಂಸಾರಕ್ಕೆ ಇಲ್ಲ. ಮೂರನೇ ಕಾರಣ ಹುಳಿ. ಟೊಮೆಟೊ, ಹುಣಸೆಹಣ್ಣು ಬೇಳೆಯ ಜೊತೆಗೇ ಕುಕ್ಕರಿಗೆ ಹಾಕಿದರೆ ಬೇಯುವುದು ತಡ. ಪುಂಡಿಪಲ್ಯ ಮಾಡುವ ಹಿರಿಯರನ್ನು ಗಮನಿಸಿ. ಮೊದಲು ಬೇಳೆ, ನುಚ್ಚು ಮೆತ್ತಗಾಗಬೇಕು, ಪುಂಡಿ ಆಮೇಲೆ. ಪುಂಡಿ ಹುಳಿ ಸೊಪ್ಪು, ಅದಕ್ಕೇ ಆ ಕ್ರಮ.

ಹಾಗಾಗಿ ಹೀಗೆ ಮಾಡಿ. ಗಡಸುತನ ತೆಗೆಯುವ ಆರ್‌ಒ ಫಿಲ್ಟರಿನ ಕುಡಿಯುವ ನೀರಿನಲ್ಲೇ ಬೇಳೆ ನೆನೆಸಿ, ಬೇಯಿಸಲೂ ಫಿಲ್ಟರ್ ನೀರನ್ನೇ ಬಳಸಿ. ಮೂವರಿಗೆ ಬೇಕಾಗುವ ನೀರು ಎಷ್ಟು, ಮೂರು ನಾಲ್ಕು ಲೋಟ. ಇಡೀ ಕಾಳು ನೆನೆ ಹಾಕುವಾಗ ಒಂದು ಚಿಟಿಕೆ ಉಪ್ಪು ಹಾಕಿದರೆ ಸಿಪ್ಪೆ ಬೇಗ ಮೆತ್ತಗಾಗುತ್ತದೆ. ಸೀಟಿ ಎಣಿಸುವುದು ಬಿಡಿ. ಮೊದಲ ಸೀಟಿ ಬಂದ ತಕ್ಷಣ ಉರಿ ಸಣ್ಣ ಮಾಡಿ, ಅಲ್ಲಿಂದ ನಿಮಿಷ ಎಣಿಸಿ: ಅರ್ಧ ತಾಸು ನೆನೆದ ತೊಗರಿಬೇಳೆಗೆ ಹತ್ತು ನಿಮಿಷ, ಹೆಸರುಬೇಳೆಗೆ ಐದು ಸಾಕು. ಆಮೇಲೆ ಉರಿ ಆರಿಸಿ, ಒತ್ತಡ ತಾನಾಗಿ ಇಳಿಯಲಿ. ದೊಡ್ಡ ಉರಿಯಲ್ಲಿ ಆರು ಸೀಟಿ ಆರು ನಿಮಿಷದಲ್ಲೂ ಮುಗಿದುಹೋಗಬಹುದು, ಬೇಳೆಗೆ ಬೇಕಾದ ಹೊತ್ತು ಸಿಗುವುದೇ ಇಲ್ಲ.

ಸೋಡಾ ಬಿಟ್ಟುಬಿಡಿ. ಅದು ಬೇಳೆಯನ್ನು ಮೆತ್ತಗೆ ಮಾಡುವುದು ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ಬಾಯಿಗೆ ಸಾಬೂನಿನಂಥ ರುಚಿ ಬರುತ್ತದೆ, ಸೋಡಿಯಂ ಬೇರೆ ಸೇರುತ್ತದೆ. ಪುಟ್ಟ ಮಗು ಉಣ್ಣುವ ಮನೆಯಲ್ಲಿ ಇದು ದಿನಾ ಬೇಡ.

ಕುಕ್ಕರಿನ ಬಗ್ಗೆ ಅತ್ತೆಯವರ ಮಾತಿಗೆ ಉತ್ತರ ಹೇಳುತ್ತೇನೆ, ಆದರೆ ಅವರ ಜೊತೆ ವಾದ ಮಾಡಲು ಇದನ್ನು ಬಳಸಬೇಡಿ. ಕುಕ್ಕರಿನ ಒಳಗೆ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ 100 ಡಿಗ್ರಿ. ಬಿಸಿ ಜಾಸ್ತಿ, ಆದರೆ ಹೊತ್ತು ಬಹಳ ಕಡಿಮೆ. ಬೇಯಿಸಿದ ನೀರು ಚೆಲ್ಲದೆ ಅದರಲ್ಲೇ ಸಾರು ಮಾಡಿದರೆ ಸತ್ವ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ. ತೆರೆದ ಪಾತ್ರೆಯಲ್ಲಿ ಒಂದು ತಾಸು ಕುದಿಸಿ ಬಸಿದು ಚೆಲ್ಲಿದರೆ ನಷ್ಟ ಅಲ್ಲೇ ಹೆಚ್ಚು. ಅವರು ಹೇಳುವುದರಲ್ಲಿ ಒಂದು ಸತ್ಯ ಇದೆ. ಸೊಪ್ಪನ್ನು ಕುಕ್ಕರಿನಲ್ಲಿ ಹಾಕಿ ಹಸಿರು ಬಣ್ಣ ಹೋಗುವ ಹಾಗೆ ಬೇಯಿಸಬಾರದು. ಅದು ಕೊನೆಗೆ ಎರಡು ಮೂರು ನಿಮಿಷ ಕುದ್ದರೆ ಸಾಕು.

ಇನ್ನು ನಿಮ್ಮನೆಯವರ ಹೊಟ್ಟೆ ಉಬ್ಬರ. ಇದು ಬರೀ ಭ್ರಮೆ ಅಲ್ಲ. ಬೇಳೆಕಾಳುಗಳಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಹೊಟ್ಟೆಯಲ್ಲಿ ಇಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ, ಅಲ್ಲಿ ಗ್ಯಾಸ್ ಹುಟ್ಟುತ್ತದೆ. ಹಾಗಂತ ಬೇಳೆ ಬಿಟ್ಟರೆ ಸಸ್ಯಾಹಾರಿ ಮನೆಯಲ್ಲಿ ಪ್ರೋಟೀನ್ ಎಲ್ಲಿಂದ ಬರಬೇಕು? ಜೋಳ, ಅಕ್ಕಿಯಲ್ಲಿ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಡಿಮೆ, ಅದು ಬೇಳೆಯಲ್ಲಿದೆ. ಬೇಳೆಯಲ್ಲಿ ಕಡಿಮೆ ಇರುವುದು ಧಾನ್ಯದಲ್ಲಿದೆ. ಎರಡೂ ಕೂಡಿದರೇ ಊಟ. ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಪೂರ್ತಿ ಬೇಯಿಸಿ. ಮೊಳಕೆ ಬರಿಸಿದರೆ ಆ ಸಕ್ಕರೆ ಇನ್ನೂ ಕಡಿಮೆಯಾಗುತ್ತದೆ. ಕಡಲೆಗಿಂತ ಹೆಸರು ಬಹಳ ಜನರಿಗೆ ಹಗುರ, ಅಲ್ಲಿಂದ ಶುರು ಮಾಡಿ, ಮೊದಲ ವಾರ ಸ್ವಲ್ಪವೇ ಬಡಿಸಿ. ಕರುಳಿಗೆ ರೂಢಿಯಾಗಲು ಕೆಲವು ವಾರ ಬೇಕು. ಅವರು ಹಾಲು ಕುಡಿದಾಗಲೂ ಹೀಗೇ ಆಗುತ್ತದಾ ಅಂತ ಒಮ್ಮೆ ಗಮನಿಸಿ, ಎಷ್ಟೋ ಸಲ ಹಾಲಿನ ತೊಂದರೆಯನ್ನು ಬೇಳೆಯ ತಲೆಗೆ ಕಟ್ಟುತ್ತಾರೆ. ತೂಕ ಇಳಿಯುವುದು, ಮಲದಲ್ಲಿ ರಕ್ತ, ರಾತ್ರಿ ಎಬ್ಬಿಸುವ ನೋವು ಇದ್ದರೆ ಅಡಿಗೆ ಬದಲಿಸುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.

ಕೂಸಿಗೆ ಜೋಳ ಅರಗುವುದಿಲ್ಲ ಅನ್ನುವುದು ತಪ್ಪು. ಗಟ್ಟಿ ರೊಟ್ಟಿ ಅಗಿಯಲು ಎರಡು ವರ್ಷದ ಮಗುವಿಗೆ ಕಷ್ಟ, ಅದು ಬೇರೆ ಮಾತು. ಚೆನ್ನಾಗಿ ಬೆಂದ ನುಚ್ಚು, ತೆಳ್ಳಗಿನ ಅಂಬಲಿ, ಸಾರಿನಲ್ಲಿ ನೆನೆದ ರೊಟ್ಟಿ ಎಲ್ಲ ಕೊಡಬಹುದು. ಮಗುವಿನ ಹೊಟ್ಟೆ ಚಿಕ್ಕದು, ನೀರಾದ ಅಂಬಲಿಯಿಂದಲೇ ತುಂಬಿಬಿಟ್ಟರೆ ಶಕ್ತಿ ಸಾಲುವುದಿಲ್ಲ. ಅದಕ್ಕೆ ಒಂದು ಚಮಚ ತುಪ್ಪ, ಸ್ವಲ್ಪ ಬೇಳೆ ಸೇರಲೇಬೇಕು. ನಿಜವಾದ ಅಪಾಯ ಬೇರೆ ಕಡೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಇಡೀ ಶೇಂಗಾ, ಪುಟಾಣಿ (ಹುರಿಗಡಲೆ) ಎರಡನ್ನೂ ಮಗುವಿನ ಕೈಗೆ ಕೊಡಬೇಡಿ. ಉಸಿರುಗೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಐದು ವರ್ಷದವರೆಗೂ ಪುಡಿ ಮಾಡಿಯೇ ಕೊಡಿ. ಹಸಿ ಮೊಳಕೆ ಕಾಳೂ ಬೇಡ, ಮೊಳಕೆ ಬರುವ ಬೆಚ್ಚನೆಯ ತೇವದಲ್ಲಿ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಬೇಯಿಸಿ ಕೊಡಿ.

ಇಷ್ಟು ತಿಳಿದ ಮೇಲೆ ಅಡಿಗೆ. ನಾನು ನಿಮಗೆ ಮೊದಲು ಹೇಳುವುದು ಜೋಳದ ನುಚ್ಚು. ಒಂದು ವಾಟಗ (ಬಟ್ಟಲು) ನುಚ್ಚು ಬೆಳಿಗ್ಗೆ ತೊಳೆದು ನೆನೆಸಿ, ಬೇಸಿಗೆಯಾದರೆ ಪಾತ್ರೆ ಫ್ರಿಜ್ಜಿನಲ್ಲಿ ಇಟ್ಟು ಹೋಗಿ. ಸಂಜೆ ಆ ನೀರು ಬಸಿದು, ನಾಲ್ಕೂವರೆ ವಾಟಗ ನೀರು, ಉಪ್ಪು, ಅರ್ಧ ಚಮಚ ಎಣ್ಣೆ ಹಾಕಿ ಕುಕ್ಕರಿಗೆ ಇಡಿ. ಮೊದಲ ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ. ಅಷ್ಟರಲ್ಲಿ ನೀವು ಕೈಕಾಲು ತೊಳೆದು ಮಗುವಿನ ಹತ್ತಿರ ಕೂತು ಬರಬಹುದು. ಮುಚ್ಚಳ ತೆಗೆದಾಗ ಮೇಲೆ ತೆಳ್ಳಗೆ ಗಂಜಿ ನಿಂತಿರುತ್ತದೆ, ನೀರಾಯಿತು ಅಂತ ಗಾಬರಿ ಬೇಡ. ಸೌಟಿನ ಹಿಂಭಾಗದಿಂದ ನಾಲ್ಕು ಸಲ ಒತ್ತಿ ತಿರುವಿ, ಐದು ನಿಮಿಷ ಬಿಡಿ, ಹೀರಿಕೊಂಡು ಮುದ್ದೆಗೂ ಗಂಜಿಗೂ ನಡುವಿನ ಹದಕ್ಕೆ ಬರುತ್ತದೆ. ಒಂದು ಕಾಳು ಬೆರಳಲ್ಲಿ ಹಿಸುಕಿದರೆ ನಡುವೆ ಬಿಳಿ ಚುಕ್ಕೆ ಕಾಣಬಾರದು. ಕಂಡರೆ ಇನ್ನೊಂದು ಲೋಟ ಬಿಸಿನೀರು ಹಾಕಿ ಬೇಯಿಸಿ. ಬಿಸಿಯಲ್ಲಿ ಬೇಳೆ ಸಾರು, ತುಪ್ಪ. ಸ್ವಲ್ಪ ಆರಿದ ಮೇಲೆ ಮಜ್ಜಿಗೆ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ. ಬಿಸಿಲ ದಿನಗಳಲ್ಲಿ ನುಚ್ಚು ಮಜ್ಜಿಗೆಗಿಂತ ಸಮಾಧಾನ ಕೊಡುವ ಊಟ ನಮ್ಮ ಕಡೆ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ಎರಡನೆಯದು ಹೆಸರುಬೇಳೆ ಖಿಚಡಿ. ಅರ್ಧ ವಾಟಗ ಅಕ್ಕಿ, ಅರ್ಧ ವಾಟಗ ಬೇಳೆ. ಬಹಳ ಜನ ಬೇಳೆ ಹೆಸರಿಗೆ ಮಾತ್ರ ಹಾಕುತ್ತಾರೆ, ಅದು ಬರೀ ಹಳದಿ ಅನ್ನ ಆಗುತ್ತದೆ. ಸಮ ಪಾಲು ಇರಲಿ. ನೀರು ನಾಲ್ಕು ವಾಟಗ, ಅರಿಶಿನ, ಉಪ್ಪು. ಮೇಲೆ ತುಪ್ಪದಲ್ಲಿ ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಇಂಗು. ಮಗುವಿನ ಪಾಲು ತೆಗೆದಿಟ್ಟ ಮೇಲೆ ನಿಮಗೆ ಒಣ ಮೆಣಸಿನಕಾಯಿ, ಇನ್ನಷ್ಟು ಉಪ್ಪು. ಒಂದು ಹಿಡಿ ಮೆಂತ್ಯ ಅಥವಾ ಪಾಲಕ ಕೊನೆಗೆ. ಉಣ್ಣುವಾಗ ಅರ್ಧ ಲಿಂಬೆ ಹಿಂಡಿ, ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ನಮ್ಮ ಮಾರುಕಟ್ಟೆಗೆ ವರ್ಷವಿಡೀ ಬರುತ್ತದೆ. ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ಲಿಂಬೆಯ ಸಿ ಜೀವಸತ್ವ ಸಹಾಯ ಮಾಡುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದೇ ಕಬ್ಬಿಣಕ್ಕೆ ಅಡ್ಡಿ, ಒಂದು ತಾಸಾದರೂ ಬಿಡಿ.

ಝುಣಕ ಇಪ್ಪತ್ತು ನಿಮಿಷದ ಅಡಿಗೆ. ಅರ್ಧ ವಾಟಗ ಕಡಲೆಹಿಟ್ಟನ್ನು ಅರ್ಧ ವಾಟಗ ನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿಟ್ಟುಕೊಳ್ಳಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಹುರಿದು, ಒಂದು ವಾಟಗ ನೀರು, ಅರಿಶಿನ, ಉಪ್ಪು ಹಾಕಿ ಕುದಿ ಬಂದ ಮೇಲೆ ಹಿಟ್ಟು ಸುರಿದು ಕೈ ಬಿಡದೆ ತಿರುವಿ. ಎರಡೇ ನಿಮಿಷಕ್ಕೆ ಗಟ್ಟಿಯಾಗುತ್ತದೆ, ಅಲ್ಲಿಗೆ ಆಯಿತು ಅಂತ ಇಳಿಸುವವರೇ ಜಾಸ್ತಿ. ಇಳಿಸಬೇಡಿ. ಮುಚ್ಚಿ ಸಣ್ಣ ಉರಿಯಲ್ಲಿ ಇನ್ನೂ ಏಳೆಂಟು ನಿಮಿಷ ಬೇಯಲಿ. ಹಸಿ ಹಿಟ್ಟಿನ ವಾಸನೆ ಹೋಗಿ, ಅಂಚಿನಲ್ಲಿ ಎಣ್ಣೆ ಮಿನುಗಿ, ಬಾಣಲೆಯಿಂದ ಬಿಡಿಸಿಕೊಂಡು ಬರಬೇಕು. ಝುಣಕ ತಿಂದರೆ ಹೊಟ್ಟೆ ಉಬ್ಬುತ್ತದೆ ಅನ್ನುವವರು ಬಹಳ ಸಲ ಅರ್ಧ ಬೆಂದ ಝುಣಕ ತಿಂದಿರುತ್ತಾರೆ. ಕಟಕ ರೊಟ್ಟಿಗೆ, ಅನ್ನಕ್ಕೆ ಎರಡಕ್ಕೂ ಒಪ್ಪುತ್ತದೆ.

ತೀರಾ ದಣಿದ ದಿನ ಚುರುಮುರಿ ಸುಸಲಾ. ತೊಯ್ಸಿ ಹಿಂಡಿ ಒಗ್ಗರಣೆಗೆ ಹಾಕಿದರೆ ಮುಗಿಯಿತು, ಆದರೆ ಚುರುಮುರಿಯಲ್ಲಿ ಗಾಳಿಯೇ ಹೆಚ್ಚು, ತಾಸಿನಲ್ಲಿ ಮತ್ತೆ ಹಸಿವು. ಪುಟಾಣಿ ಹಿಟ್ಟು ಕೈತುಂಬಾ ಹಾಕಿ, ಜೊತೆಗೆ ಒಂದು ಬಟ್ಟಲು ಮೊಸರು.

ಭಾನುವಾರ ಮಾಡಿಡುವ ಹಿಂಡಿಗಳ ಬಗ್ಗೆ ಒಂದು ಮಾತು. ಶೇಂಗಾ, ಅಗಸಿ, ಗುರೆಳ್ಳು ಎಲ್ಲ ಎಣ್ಣೆಕಾಳು. ಪುಡಿ ಮಾಡಿದ ಮೇಲೆ ಆ ಎಣ್ಣೆ ಗಾಳಿಗೆ ತಾಗಿ ಬೇಗ ಕಮಟು ಹಿಡಿಯುತ್ತದೆ, ಅಗಸಿ ಎಲ್ಲಕ್ಕಿಂತ ಬೇಗ. ಹದಿನೈದು ದಿನಕ್ಕೆ ಆಗುವಷ್ಟೇ ಕುಟ್ಟಿ, ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿ ಇಡಿ. ಅಗಸಿಯನ್ನು ಇಡಿಯಾಗಿ ತಿಂದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿಯಾದರೇ ಪ್ರಯೋಜನ. ಹಿಂಡಿಯಲ್ಲಿ ಉಪ್ಪು ಜಾಸ್ತಿ ಇರುತ್ತದೆ ಅನ್ನುವುದೂ ನೆನಪಿರಲಿ. ದೊಡ್ಡವರಿಗೆ ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಉಪ್ಪಿನ ಒಳಗೇ ಇರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಗಳಿಗೆ ಉಪ್ಪು, ಖಾರ ಇಲ್ಲದ ಶೇಂಗಾ ಪುಡಿ ಬೇರೆ ಡಬ್ಬಿಯಲ್ಲಿ ಇಡಿ.

ಉಳಿದ ಅನ್ನದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ, ಕುದಿಸಿದರೂ ಅವು ಸಾಯುವುದಿಲ್ಲ. ಬೆಂದ ಅನ್ನ ಹೊರಗೆ ಬೆಚ್ಚಗೆ ಉಳಿದರೆ ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಂದರೆ ಮರುದಿನ ಒಗ್ಗರಣೆ ಹಾಕಿದರೆ ಸರಿಯಾಗುತ್ತದೆ ಅನ್ನುವ ಧೈರ್ಯ ಸುಳ್ಳು. ತಂಗಳು ಅನ್ನವೇ ವಿಷ ಅನ್ನುವುದೂ ಸುಳ್ಳು. ಎಲ್ಲ ಇರುವುದು ಎಷ್ಟು ಬೇಗ ತಣ್ಣಗೆ ಮಾಡಿದಿರಿ ಅನ್ನುವುದರಲ್ಲಿ. ಉಂಡ ತಕ್ಷಣ ಉಳಿದದ್ದನ್ನು ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಚಳಿಗಾಲದಲ್ಲಿ ಎರಡು ತಾಸಿನೊಳಗೆ, ನಮ್ಮ ಬೇಸಿಗೆಯಲ್ಲಿ ಒಂದು ತಾಸಿನೊಳಗೆ ಮುಚ್ಚಿ ಫ್ರಿಜ್ಜಿಗೆ ಸೇರಿಸಿ. ಮರುದಿನವೇ ಮುಗಿಸಿ, ಹಬೆ ಏಳುವ ಹಾಗೆ ಒಂದೇ ಸಲ ಬಿಸಿ ಮಾಡಿ. ರಾತ್ರಿಯಿಡೀ ಕಟ್ಟೆ ಮೇಲೆ ಉಳಿದದ್ದನ್ನು, ಅಥವಾ ಬಹಳ ಹೊತ್ತು ಕರೆಂಟು ಹೋಗಿ ಫ್ರಿಜ್ಜಿನಲ್ಲೇ ಬೆಚ್ಚಗಾದದ್ದನ್ನು ಮಗುವಿಗೆ ಕೊಡಬೇಡಿ. ಬೇಯಿಸಿದ ಬೇಳೆಗೂ ಇದೇ ನಿಯಮ. ವಾರಕ್ಕಾಗುವಷ್ಟು ಸಾರು ಭಾನುವಾರವೇ ಮಾಡಿಡುವವರಿದ್ದಾರೆ, ನಾನು ಅದಕ್ಕೆ ಒಪ್ಪುವುದಿಲ್ಲ. ಬೇಳೆ ಮಾತ್ರ ಬೇಯಿಸಿ ಎರಡು ದಿನಕ್ಕೆ ಇಟ್ಟುಕೊಳ್ಳಿ, ಒಗ್ಗರಣೆ ಆಯಾ ದಿನ ಹಾಕಿ. ರುಚಿಯೂ ಹೊಸದಾಗಿರುತ್ತದೆ.

ನೀವು ಕೇಳದ ಒಂದು ವಿಷಯ. ಬಿ12 ಜೀವಸತ್ವ ಬೇಳೆ, ಸೊಪ್ಪು, ಜೋಳ ಯಾವುದರಲ್ಲೂ ಇಲ್ಲ. ಸಸ್ಯಾಹಾರಿಗಳಿಗೆ ಮುಖ್ಯವಾಗಿ ಹಾಲು, ಮೊಸರು, ಪನೀರಿನಿಂದಲೇ ಬರಬೇಕು. ಮೂವರಿಗೂ ದಿನಾ ಅದು ಸಿಗಲಿ. ಮೈಕೈ ಜೋಮು, ಸದಾ ಸುಸ್ತು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಆದರೆ ಮಗಳಿಗೆ ಬರೀ ಹಾಲು ಅನ್ನ ಕೊಟ್ಟು ಸುಮ್ನೆ ಇರಬೇಡಿ, ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೆ ಎರಡು ಲೋಟಕ್ಕಿಂತ ಜಾಸ್ತಿ ಹಾಲು ಕುಡಿದ ಮಗು ಊಟ ಬೇಡ ಅನ್ನುತ್ತದೆ.

ನೂಡಲ್ಸ್ ಪೂರ್ತಿ ಬಿಡಬೇಕಾಗಿಲ್ಲ. ಯಾವಾಗಲೋ ಒಮ್ಮೆ ಆದರೆ ಆಗಲಿ. ಮಸಾಲೆ ಪುಡಿ ಅರ್ಧ ಮಾತ್ರ ಹಾಕಿ, ಉಪ್ಪು ಹೆಚ್ಚು ಇರುವುದು ಅದರಲ್ಲೇ. ಗಜ್ಜರಿ, ಬಟಾಣಿ, ಸ್ವಲ್ಪ ಪನೀರು ಸೇರಿಸಿ. ಮಗುವಿಗೆ ಮಾತ್ರ ಅದು ರಾತ್ರಿಯ ಊಟ ಆಗಬಾರದು. ನೀವು ಅದನ್ನು ತಿನ್ನುವ ದಿನ ಅವಳಿಗೆ ಒಂದು ಕಟಕ ರೊಟ್ಟಿ ಮುರಿದು ಬಿಸಿ ಬೇಳೆ ಸಾರಿನಲ್ಲಿ ಹತ್ತು ನಿಮಿಷ ನೆನೆಸಿ, ತುಪ್ಪ ಹಾಕಿ ಕಿವುಚಿ ಕೊಡಿ.